ಮಳೆಗಾಲದಲ್ಲಿ ಸೈಕಲ್ ಚಕ್ರಕ್ಕೆ ಎಷ್ಟು ಗಾಳಿ?

ಮಲೆನಾಡಿನಲ್ಲಿ ಮೃಗಶಿರಾ ಮಳೆ ಹಿಡಿಯಿತೆಂದರೆ ರೈತನಿಗೆ ಕೈತುಂಬ ಕೆಲಸ. ಸಸಿಮಡಿ, ಅಂಚು ಕಡಿಯುವುದು, ತೋಟದ ಬಸಿಗಾಲುವೆ ಬಿಡಿಸುವುದು, ಅಡಿಕೆಗೆ ಕೊಳೆ ಔಷಧಿ ಹೊಡೆಸುವುದು, ಇವೆಲ್ಲ ಒಟ್ಟಿಗೇ ಬರುತ್ತವೆ. ಇದೇ ಕಾಲದಲ್ಲಿ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ರಸ್ತೆಗಳು ಜಾರುತ್ತವೆ, ಕಾಲುದಾರಿಗಳು ಕೆಸರಾಗುತ್ತವೆ. ಡೈರಿಗೆ ಹಾಲು ಒಯ್ಯುವವರು, ಕೂಲಿಗೆ ಹೋಗುವವರು, ಶಾಲೆಗೆ ಹೋಗುವ ಮಕ್ಕಳು ಸೈಕಲ್ಲಿನಿಂದ ಬೀಳುವುದೂ ಈ ದಿನಗಳಲ್ಲಿಯೇ ಹೆಚ್ಚು.

ಬಿದ್ದ ಪೆಟ್ಟನ್ನು ಹಗುರವಾಗಿ ಕಾಣತಕ್ಕದ್ದಲ್ಲ. ಮುಂಗೈ ಅಥವಾ ಭುಜದ ಮೂಳೆ ಮುರಿದರೆ ಕೂಡಿಕೊಳ್ಳಲು ಒಂದೂವರೆ ತಿಂಗಳಾದರೂ ಬೇಕು. ಆರಿದ್ರಾ ಮಳೆಯಲ್ಲಿ ಬಿದ್ದವನು ಮತ್ತೆ ಹಾರೆ ಹಿಡಿಯುವ ಹೊತ್ತಿಗೆ ನಾಟಿ ಮುಗಿದು, ಎರಡನೆಯ ಬಾರಿ ಔಷಧಿ ಹೊಡೆಯುವ ಸಮಯವೂ ಮೀರಿರುತ್ತದೆ. ಒಂದು ಜಾರಿಕೆಯಿಂದ ಒಂದು ಹಂಗಾಮಿನ ದುಡಿಮೆ ನಷ್ಟವಾಗಬಹುದು.

ಮಳೆಗಾಲಕ್ಕೆ ಸೈಕಲ್ಲನ್ನು ಸಿದ್ಧಪಡಿಸುವಾಗ ಹೆಚ್ಚಿನವರು ಸರಪಳಿಗೆ ಎಣ್ಣೆ ಬಿಟ್ಟು ಸುಮ್ಮನಾಗುತ್ತಾರೆ. ಚಕ್ರದ ಗಾಳಿಯ ವಿಷಯದಲ್ಲಿ ಎರಡು ಅಭಿಪ್ರಾಯಗಳು ರೂಢಿಯಲ್ಲಿವೆ. ಗಾಳಿ ಬಿಗಿಯಾಗಿದ್ದಷ್ಟೂ ಒಳ್ಳೆಯದು ಎಂಬುದು ಒಂದು. ಮಳೆಗಾಲದಲ್ಲಿ ಅರ್ಧ ಗಾಳಿ ಬಿಟ್ಟುಬಿಡಬೇಕು ಎಂಬುದು ಇನ್ನೊಂದು. ಇವೆರಡೂ ಸರಿಯಲ್ಲ. ಕಾರಣವನ್ನು ತಿಳಿದುಕೊಂಡರೆ ಸರಿಯಾದ ಪ್ರಮಾಣವನ್ನು ಮನೆಯಲ್ಲಿಯೇ ನಿರ್ಧರಿಸಿಕೊಳ್ಳಬಹುದು.

ಗಾಳಿ ಮಾಡುವ ಕೆಲಸ

ಗಾಳಿ ತುಂಬಿದ ಚಕ್ರಕ್ಕೆ 1845ರಲ್ಲಿಯೇ ಬ್ರಿಟನ್ನಿನ ರಾಬರ್ಟ್ ಥಾಮ್ಸನ್ ಎಂಬಾತ ಹಕ್ಕುಪತ್ರ ಪಡೆದಿದ್ದನು. ಆದರೆ ಅದು ಬಳಕೆಗೆ ಬಂದದ್ದು 1888ರಲ್ಲಿ, ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗೆ ಗಾಳಿಯ ಟೈರು ಮಾಡಿದ ನಂತರ. ಗಟ್ಟಿ ರಬ್ಬರಿನ ಚಕ್ರ ಕಲ್ಲು ಸಿಕ್ಕಿದಾಗ ಸವಾರನನ್ನೂ ಸೇರಿಸಿ ಇಡೀ ಗಾಡಿಯನ್ನು ಮೇಲಕ್ಕೆತ್ತುತ್ತದೆ. ಗಾಳಿಯ ಚಕ್ರ ತಾನೇ ತಗ್ಗಿ ಕಲ್ಲನ್ನು ಒಳಗೆ ಮಾಡಿಕೊಂಡು ಸಾಗುತ್ತದೆ. ಗಾಳಿಯ ಟೈರಿನ ಪ್ರಯೋಜನವೆಲ್ಲ ಈ ತಗ್ಗುವ ಗುಣದಲ್ಲಿದೆ.

ಚಕ್ರ ನೆಲಕ್ಕೆ ತಾಗುವ ಜಾಗದ ವಿಸ್ತೀರ್ಣವು ಎರಡು ಸಂಗತಿಗಳನ್ನು ಅವಲಂಬಿಸಿದೆ: ಚಕ್ರದ ಮೇಲಿನ ಭಾರ ಮತ್ತು ಒಳಗಿನ ಗಾಳಿಯ ಒತ್ತಡ. ಭಾರವನ್ನು ಒತ್ತಡದಿಂದ ಭಾಗಿಸಿದರೆ ವಿಸ್ತೀರ್ಣ ಹೆಚ್ಚುಕಡಿಮೆ ಸಿಗುತ್ತದೆ. ಉದಾಹರಣೆಗೆ 60 ಕೆ.ಜಿ. ತೂಕದ ಸವಾರ, 20 ಕೆ.ಜಿ. ತೂಕದ ಸೈಕಲ್ಲು, ಒಟ್ಟು 80 ಕೆ.ಜಿ. ಇದರಲ್ಲಿ ಸುಮಾರು ಐದನೆಯ ಮೂರು ಪಾಲು, ಅಂದರೆ 48 ಕೆ.ಜಿ., ಹಿಂದಿನ ಚಕ್ರದ ಮೇಲೆ ಬೀಳುತ್ತದೆ. ಹಿಂದಿನ ಟೈರಿನಲ್ಲಿ ಪ್ರತಿ ಚದರ ಅಂಗುಲಕ್ಕೆ 45 ಪೌಂಡು ಒತ್ತಡವಿದ್ದರೆ ನೆಲಕ್ಕೆ ತಾಗುವ ಜಾಗ ಸುಮಾರು 15 ಚದರ ಸೆಂಟಿಮೀಟರ್. ಇದು ಒಂದು ಬೆಂಕಿಪೊಟ್ಟಣದ ಮುಖಕ್ಕಿಂತಲೂ ಸ್ವಲ್ಪ ಚಿಕ್ಕದು! ಒತ್ತಡವನ್ನು 40 ಪೌಂಡಿಗೆ ಇಳಿಸಿದರೆ ಅದು 17 ಚದರ ಸೆಂಟಿಮೀಟರ್ ಆಗುತ್ತದೆ. (ಈ ಲೇಖನದಲ್ಲಿ ಮುಂದೆ ಪೌಂಡು ಎಂದರೆ ಪ್ರತಿ ಚದರ ಅಂಗುಲಕ್ಕೆ ಪೌಂಡು ಎಂದು ತಿಳಿಯಬೇಕು. 14.2 ಪೌಂಡು ಎಂದರೆ ಪ್ರತಿ ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಂ.)

ತಾಗುವ ಜಾಗ ಹೆಚ್ಚಾಯಿತು ಎಂಬುದಷ್ಟೇ ಇದರ ಲಾಭವಲ್ಲ. ಸ್ವಲ್ಪ ಮೆದುವಾದ ಟೈರು ರಸ್ತೆಯ ಜಲ್ಲಿಯ ಉಬ್ಬುತಗ್ಗುಗಳಿಗೆ ಹೊಂದಿಕೊಂಡು ಕೂರುತ್ತದೆ. ತೀರ ಬಿಗಿಯಾದ ಟೈರು ಒಂದು ಕಲ್ಲಿನಿಂದ ಇನ್ನೊಂದಕ್ಕೆ ಪುಟಿಯುತ್ತದೆ. ಪುಟಿದ ಆ ಕ್ಷಣದಲ್ಲಿ ಚಕ್ರಕ್ಕೆ ನೆಲದ ಹಿಡಿತವಿರುವುದಿಲ್ಲ. ಒಣ ರಸ್ತೆಯಲ್ಲಿ ಮರುಕ್ಷಣವೇ ಹಿಡಿತ ಸಿಗುವುದರಿಂದ ಇದು ಗಮನಕ್ಕೆ ಬರುವುದಿಲ್ಲ. ಒದ್ದೆ ರಸ್ತೆಯಲ್ಲಿ ಹಿಡಿತ ಮೊದಲೇ ಕಡಿಮೆ. ತಿರುವಿನಲ್ಲಿ ಹೀಗೆ ಪುಟಿದ ಚಕ್ರ ಮತ್ತೆ ನೆಲಕ್ಕೆ ತಾಗುವಾಗ ಪಕ್ಕಕ್ಕೆ ಸರಿದುಬಿಡುತ್ತದೆ.

ನೀರಿನ ಮೇಲೆ ಚಕ್ರ ತೇಲುತ್ತದೆಯೇ?

ಕಾರು, ಬಸ್ಸುಗಳು ನೀರು ನಿಂತ ಹೆದ್ದಾರಿಯಲ್ಲಿ ವೇಗವಾಗಿ ಹೋಗುವಾಗ ಚಕ್ರವು ನೀರಿನ ಪದರದ ಮೇಲೆ ತೇಲಿ ಹತೋಟಿ ತಪ್ಪುವುದುಂಟು. ಸೈಕಲ್ಲಿಗೂ ಹೀಗಾಗುತ್ತದೆ ಎಂಬ ಭಯ ಕೆಲವರಿಗಿದೆ. ವಿಮಾನದ ಟೈರುಗಳ ಮೇಲೆ 1960ರ ದಶಕದಲ್ಲಿ ಅಮೆರಿಕದಲ್ಲಿ ನಡೆದ ಪ್ರಯೋಗಗಳಿಂದ ಇದಕ್ಕೊಂದು ಸರಳ ಸೂತ್ರ ಸಿಕ್ಕಿದೆ. ಒತ್ತಡದ ವರ್ಗಮೂಲವನ್ನು 16.7ರಿಂದ ಗುಣಿಸಿದರೆ, ಚಕ್ರ ತೇಲಲು ಆರಂಭಿಸುವ ವೇಗವು ಗಂಟೆಗೆ ಕಿಲೋಮೀಟರಿನಲ್ಲಿ ದೊರೆಯುತ್ತದೆ. 36 ಪೌಂಡಿನ ಟೈರಿಗೆ ಇದು ಸುಮಾರು ನೂರು ಕಿಲೋಮೀಟರ್. ಸೈಕಲ್ಲಿನ ಟೈರು ಕಿರಿದಾಗಿ, ಅಡಿ ದುಂಡಾಗಿರುವುದರಿಂದ ನೀರು ಎರಡೂ ಬದಿಗೆ ಸುಲಭವಾಗಿ ಸರಿಯುತ್ತದೆ. ಆದುದರಿಂದ ಸೈಕಲ್ಲು ನೀರಿನ ಮೇಲೆ ತೇಲುವ ಪ್ರಶ್ನೆಯೇ ಇಲ್ಲ. ಇದೇ ಕಾರಣದಿಂದ ಡಾಂಬರು ರಸ್ತೆಯಲ್ಲಿ ಟೈರಿನ ಅಚ್ಚು ಸ್ವಲ್ಪ ಸವೆದಿದ್ದರೂ ಅಪಾಯವಿಲ್ಲ. ಅಚ್ಚಿನ ಉಪಯೋಗವಿರುವುದು ಮಣ್ಣು ದಾರಿಯಲ್ಲಿ.

ಹಾಗಾದರೆ ಜಾರುವುದು ಏಕೆ?

ಈ ಮೂರು ತಾಲ್ಲೂಕುಗಳಲ್ಲಿ ಮಳೆ ಒಂದೇ ಸಮನಾಗಿ ಬೀಳುವುದಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7 ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಹೊಸನಗರ ತಾಲ್ಲೂಕಿನ ಹುಲಿಕಲ್ಲು, ಮಾಸ್ತಿಕಟ್ಟೆಯ ಕಡೆಯೂ ರಾಜ್ಯದಲ್ಲಿಯೇ ಅತಿ ಹೆಚ್ಚು ಮಳೆ ಬೀಳುವ ಜಾಗ. ಘಟ್ಟದ ಅಂಚಿನಿಂದ ಪೂರ್ವಕ್ಕೆ ಸರಿದಂತೆ, ಸಾಗರ ತಾಲ್ಲೂಕಿನ ಆನಂದಪುರ, ಹೊಸನಗರ ತಾಲ್ಲೂಕಿನ ರಿಪ್ಪನ್‌ಪೇಟೆಯ ಕಡೆ ಮಳೆ ಬಹಳಷ್ಟು ಕಡಿಮೆಯಾಗುತ್ತದೆ. ಆದರೆ ಮಳೆ ಹೆಚ್ಚಿದ್ದಲ್ಲಿಯೇ ಜಾರಿಕೆಯೂ ಹೆಚ್ಚು ಎಂದು ಹೇಳಲಾಗದು. ಜಾರಿಕೆಯನ್ನು ಉಂಟುಮಾಡುವುದು ಬರಿಯ ನೀರಲ್ಲ, ನೀರಿನೊಡನೆ ಸೇರಿದ ತೆಳುವಾದ ಪದರಗಳು. ಇವು ಮುಖ್ಯವಾಗಿ ಮೂರು ಬಗೆ.

1. ಜೇಡಿಯ ಪದರ: ಜಂಬಿಟ್ಟಿಗೆ ಮಣ್ಣಿನ ಧರೆಗಳಿಂದ ಮಳೆನೀರು ನುಣುಪಾದ ಜೇಡಿಯನ್ನು ರಸ್ತೆಗೆ ತರುತ್ತದೆ. ಜೇಡಿಯ ಕಣಗಳು ಮರಳಿನಂತೆ ಗುಂಡಗಿರದೆ ಚಪ್ಪಟೆ ಹಾಳೆಗಳಂತಿರುತ್ತವೆ. ಹಾಳೆಗಳ ನಡುವೆ ನೀರು ಸೇರಿದರೆ ಒಂದರ ಮೇಲೊಂದು ಸರಿಯುತ್ತವೆ. ಜೋರು ಮಳೆ ಬಂದರೆ ಈ ಪದರ ತೊಳೆದುಹೋಗುತ್ತದೆ. ಜಿಟಿಜಿಟಿ ಮಳೆಯಲ್ಲಿ ಹಾಗೆಯೇ ಉಳಿಯುತ್ತದೆ. ಆದುದರಿಂದ ಬೇಸಿಗೆ ಕಳೆದ ಮೇಲಿನ ಮೊದಲ ಮಳೆ, ಹಾಗೂ ನಾಲ್ಕು ದಿನ ಹೊಳವಾದ ನಂತರದ ತುಂತುರು, ಧೋ ಎಂದು ಸುರಿಯುವ ಮಳೆಗಿಂತ ಹೆಚ್ಚು ಅಪಾಯಕರ.

2. ಹಾವಸೆ: ಮರಗಳ ನೆರಳಿನಲ್ಲಿ ಬಿಸಿಲು ತಾಗದ ರಸ್ತೆ, ಕಾಂಕ್ರೀಟು ದಾರಿ, ಅಂಗಳ, ಸಂಕಗಳ ಮೇಲೆ ಪುಷ್ಯ, ಆಶ್ಲೇಷ ಮಳೆಯ ಹೊತ್ತಿಗೆ ಹಾವಸೆ ಹಬ್ಬಿರುತ್ತದೆ. ವಾಹನಗಳ ಚಕ್ರ ಹಾಯುವ ಎರಡು ಸಾಲುಗಳಲ್ಲಿ ಇದು ಕಡಿಮೆ; ಅಂಚಿನಲ್ಲಿ ಮತ್ತು ನಡುವಿನ ಪಟ್ಟಿಯಲ್ಲಿ ಹೆಚ್ಚು.

3. ಎಲೆ ಮತ್ತು ಲೋಹ: ಕೊಳೆಯುತ್ತಿರುವ ಎಲೆ, ಉದುರಿದ ಅಡಿಕೆ ಹಾಳೆ, ರಸ್ತೆಯ ಬಿಳಿ ಬಣ್ಣದ ಪಟ್ಟಿ, ದನ ತಡೆಯಲು ಹಾಕಿದ ಕಬ್ಬಿಣದ ಸರಳು ಇವುಗಳು ಒದ್ದೆಯಾದಾಗ ಎಣ್ಣೆ ಹಚ್ಚಿದಂತೆ ಜಾರುತ್ತವೆ.

ಈ ಮೂರರಲ್ಲಿ ಗಾಳಿಯ ಒತ್ತಡ ಸ್ವಲ್ಪ ಮಟ್ಟಿಗೆ ನೆರವಾಗುವುದು ಮೊದಲನೆಯದರಲ್ಲಿ ಮಾತ್ರ. ಪದರದ ಅಡಿಯಲ್ಲಿ ಒರಟು ಜಲ್ಲಿಯಿದ್ದರೆ ಮೆದು ಟೈರು ಅದನ್ನು ತಲುಪಿ ಹಿಡಿಯುತ್ತದೆ. ಹಾವಸೆ ಮತ್ತು ಕಬ್ಬಿಣದ ಮೇಲೆ ಯಾವ ಒತ್ತಡವೂ ಪ್ರಯೋಜನಕ್ಕೆ ಬಾರದು. ಅಲ್ಲಿ ನೇರವಾಗಿ, ಬ್ರೇಕು ಹಿಡಿಯದೆ, ಹ್ಯಾಂಡಲ್ ತಿರುಗಿಸದೆ ನಿಧಾನವಾಗಿ ದಾಟಬೇಕು. ಇಳಿದು ತಳ್ಳಿಕೊಂಡು ಹೋಗುವುದು ಇನ್ನೂ ಉತ್ತಮ.

ಎಷ್ಟು ಕಡಿಮೆ ಮಾಡಬೇಕು?

ಒಣ ರಸ್ತೆಗೆ ಸರಿಯಾಗಿರುವ ಒತ್ತಡದಲ್ಲಿ ಹತ್ತರಲ್ಲಿ ಒಂದು ಪಾಲು ಕಡಿಮೆ ಮಾಡಿದರೆ ಸಾಕು. ಇದಕ್ಕಿಂತ ಹೆಚ್ಚು ಇಳಿಸಿದರೆ ಮುಂದೆ ವಿವರಿಸಿದ ತೊಂದರೆಗಳು ಬರುತ್ತವೆ. ಕೆಳಗಿನ ಅಂಕಿಗಳನ್ನು ಆರಂಭಕ್ಕೆ ಇಟ್ಟುಕೊಂಡು, ದಾರಿ ಮತ್ತು ಭಾರಕ್ಕೆ ತಕ್ಕಂತೆ ಎರಡು ಮೂರು ಪೌಂಡು ಹೆಚ್ಚುಕಡಿಮೆ ಮಾಡಿಕೊಳ್ಳಬಹುದು.

ಅ) 28 ಅಂಗುಲದ, ಒಂದೂವರೆ ಅಂಗುಲ ಅಗಲದ ಸಾಮಾನ್ಯ ಟೈರು, ಸವಾರ 60 ಕೆ.ಜಿ.; ಹೊರೆಯಿಲ್ಲ:
ಒಣ ರಸ್ತೆ: ಮುಂದೆ 35, ಹಿಂದೆ 45 ಪೌಂಡು
ಮಳೆಗಾಲ: ಮುಂದೆ 30ರಿಂದ 32, ಹಿಂದೆ 40 ಪೌಂಡು

ಆ) ಅದೇ ಟೈರು, ಶಾಲೆಯ ಮಗು 40 ಕೆ.ಜಿ., ಪುಸ್ತಕದ ಚೀಲದೊಂದಿಗೆ:
ಒಣ ರಸ್ತೆ: ಮುಂದೆ 28, ಹಿಂದೆ 38 ಪೌಂಡು
ಮಳೆಗಾಲ: ಮುಂದೆ 25, ಹಿಂದೆ 34 ಪೌಂಡು

ಇ) 26 ಅಂಗುಲದ, ಎರಡು ಅಂಗುಲ ಅಗಲದ ದಪ್ಪ ಟೈರು, ಸವಾರ 60 ಕೆ.ಜಿ.:
ಒಣ ರಸ್ತೆ: ಮುಂದೆ 25, ಹಿಂದೆ 35 ಪೌಂಡು
ಮಳೆಗಾಲ: ಮುಂದೆ 22, ಹಿಂದೆ 30 ಪೌಂಡು

ಈ) ಸಾಮಾನ್ಯ ಟೈರು, ಕ್ಯಾರಿಯರಿನ ಮೇಲೆ 20 ಕೆ.ಜಿ. ಹೊರೆ:
ಮುಂದೆ ಮಾತ್ರ ಎರಡು ಮೂರು ಪೌಂಡು ಕಡಿಮೆ ಮಾಡಬೇಕು. ಹಿಂದೆ ಟೈರಿನ ಮಗ್ಗುಲಲ್ಲಿ ಬರೆದಿರುವ ಗರಿಷ್ಠ ಒತ್ತಡದ ತನಕ ತುಂಬಿಸಬೇಕು.

ಎಲ್ಲ ಸಂದರ್ಭಗಳಲ್ಲಿಯೂ ಟೈರಿನ ಮಗ್ಗುಲಲ್ಲಿ ಮುದ್ರಿಸಿರುವ ಮಿತಿಯೇ ಕೊನೆಯ ಮಾತು. ಅದಕ್ಕಿಂತ ಹೆಚ್ಚು ಗಾಳಿಯನ್ನು ಎಂದೂ ತುಂಬಬಾರದು.

ಪಟ್ಟಿಯಲ್ಲಿ ಎರಡನೆಯ ಸಾಲನ್ನು ಪೋಷಕರು ವಿಶೇಷವಾಗಿ ಗಮನಿಸಬೇಕು. ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿದ ಮೇಲೆ ಹಳ್ಳಿಯ ಎಷ್ಟೋ ಮನೆಗಳಿಗೆ ಮೊದಲ ಬಾರಿಗೆ ಮಕ್ಕಳ ಸೈಕಲ್ ಬಂದಿತು. ಆದರೆ ಅದಕ್ಕೆ ಗಾಳಿ ಹೊಡೆಯುವವರು ದೊಡ್ಡವರು, ಅದೂ ತಮ್ಮ ತೂಕದ ಅಂದಾಜಿನಲ್ಲಿ. 40 ಕೆ.ಜಿ. ತೂಕದ ಹುಡುಗಿಗೆ 50 ಪೌಂಡಿನ ಚಕ್ರ ಕಲ್ಲಿನಂತೆ ಗಟ್ಟಿ. ಅದು ಇಳಿಜಾರಿನಲ್ಲಿ ಕುಪ್ಪಳಿಸುತ್ತದೆ, ತಿರುವಿನಲ್ಲಿ ಜಾರುತ್ತದೆ. ಮಗು ಬಿದ್ದಾಗ ಸೈಕಲ್ ಹೊಡೆಯಲು ಬರುವುದಿಲ್ಲವೆಂದು ಗದರಿಸುವ ಮೊದಲು ಚಕ್ರದ ಗಾಳಿಯನ್ನು ಪರೀಕ್ಷಿಸುವುದು ನ್ಯಾಯ.

ಮಾಪಕವಿಲ್ಲದೆ ಅಳೆಯುವ ಕ್ರಮ

ನಮ್ಮ ಸಾಮಾನ್ಯ ಸೈಕಲ್ಲಿನ ವಾಲ್‌ನಲ್ಲಿ ಚಿಕ್ಕ ರಬ್ಬರು ನಳಿಕೆ (ವಾಲ್ ಟ್ಯೂಬ್) ಇರುತ್ತದೆ. ಗಾಳಿ ಒಳಕ್ಕೆ ಹೋಗುವಾಗ ಇದು ಬಿರಿದು, ಅನಂತರ ಬಿಗಿದುಕೊಳ್ಳುತ್ತದೆ. ಒಳಗಿನ ಒತ್ತಡ ಹೊರಕ್ಕೆ ತೋರದೆ ಇರುವುದರಿಂದ ಮಾಪಕವು ಇಂತಹ ವಾಲ್‌ನಲ್ಲಿ ಸರಿಯಾದ ಅಂಕಿ ಕೊಡಲಾರದು. ಹೆಬ್ಬೆರಳಿನಿಂದ ಒತ್ತಿ ನೋಡುವುದೂ ನಂಬಲು ಅರ್ಹವಲ್ಲ. ದಪ್ಪ ಮಗ್ಗುಲಿನ ಟೈರು ಗಾಳಿ ಕಡಿಮೆಯಿದ್ದರೂ ಬಿಗಿಯಾಗಿ ತೋರುತ್ತದೆ. ಇದಕ್ಕೆ ಬದಲಾಗಿ ಒಂದು ಅಡಿಕೋಲಿನಿಂದ ಕೆಳಗಿನ ಕ್ರಮವನ್ನು ಅನುಸರಿಸಬಹುದು. ಇದು ಭಾರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ ಮಾಪಕಕ್ಕಿಂತ ಒಂದು ರೀತಿಯಲ್ಲಿ ಉತ್ತಮ.

1. ಸೈಕಲ್ಲನ್ನು ಸಮತಟ್ಟಾದ ಗಟ್ಟಿ ನೆಲದ ಮೇಲೆ, ಗೋಡೆಯ ಪಕ್ಕದಲ್ಲಿ ನೇರವಾಗಿ ನಿಲ್ಲಿಸಬೇಕು.

2. ಹಿಂದಿನ ಚಕ್ರ ನೆಲಕ್ಕೆ ತಾಗುವಲ್ಲಿ, ನೆಲದಿಂದ ರಿಮ್ಮಿನ ಅಂಚಿನ ತನಕ ಎಷ್ಟು ಮಿಲಿಮೀಟರ್ ಇದೆ ಎಂದು ಅಳೆದು ಬರೆದುಕೊಳ್ಳಬೇಕು.

3. ಸವಾರನು ಗೋಡೆಗೆ ಮೊಣಕೈ ಆನಿಸಿ ಸೀಟಿನ ಮೇಲೆ ಪೂರ್ತಿ ಭಾರ ಬಿಟ್ಟು ಕೂರಬೇಕು. ನಿತ್ಯ ಒಯ್ಯುವ ಹೊರೆಯೂ ಕ್ಯಾರಿಯರಿನ ಮೇಲಿರಬೇಕು. ಇನ್ನೊಬ್ಬರು ಅದೇ ಜಾಗವನ್ನು ಮತ್ತೆ ಅಳೆಯಬೇಕು.

4. ಎರಡು ಅಳತೆಗಳ ವ್ಯತ್ಯಾಸವೇ ಟೈರು ತಗ್ಗಿದ ಪ್ರಮಾಣ. ಒಂದೂವರೆ ಅಂಗುಲದ ಟೈರು ಒಣ ಕಾಲಕ್ಕೆ 5ರಿಂದ 6 ಮಿಲಿಮೀಟರ್, ಮಳೆಗಾಲಕ್ಕೆ 6ರಿಂದ 7 ಮಿಲಿಮೀಟರ್ ತಗ್ಗಿದರೆ ಸರಿ. 8 ಮಿಲಿಮೀಟರ್ ಮೀರಿದರೆ ಗಾಳಿ ಸಾಲದು. ಎರಡು ಅಂಗುಲದ ಟೈರಿಗೆ ಈ ಅಂಕಿಗಳು ಕ್ರಮವಾಗಿ 7ರಿಂದ 8 ಮತ್ತು 9ರಿಂದ 10 ಮಿಲಿಮೀಟರ್.

5. ಮುಂದಿನ ಚಕ್ರವನ್ನೂ ಹೀಗೆಯೇ, ಸವಾರನ ಕೈಗಳು ಹ್ಯಾಂಡಲಿನ ಮೇಲಿರುವಾಗ ಅಳೆಯಬೇಕು.

ಒಮ್ಮೆ ಸರಿಯಾದ ಮಟ್ಟ ಸಿಕ್ಕಿದ ಮೇಲೆ, ವಾರಕ್ಕೊಮ್ಮೆ ಕೈಪಂಪಿನಿಂದ ಎಷ್ಟು ಸಲ ಒತ್ತಿದರೆ ಆ ಮಟ್ಟಕ್ಕೆ ಮರಳುತ್ತದೆ ಎಂದು ಎಣಿಸಿಟ್ಟುಕೊಂಡರೆ ದಿನವೂ ಅಳೆಯುವ ಅಗತ್ಯವಿಲ್ಲ.

ಗಾಳಿ ಬಿಡುವ ಮೊದಲು ಅಳೆಯುವುದನ್ನು ಮರೆಯಬಾರದು. ಏಪ್ರಿಲ್ ತಿಂಗಳ ಮಧ್ಯಾಹ್ನ 35 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 45 ಪೌಂಡು ತುಂಬಿದ ಚಕ್ರ, ಜುಲೈ ತಿಂಗಳ ಬೆಳಗ್ಗೆ 22 ಡಿಗ್ರಿಯಲ್ಲಿ ಏನೂ ಸೋರದಿದ್ದರೂ ಎರಡರಿಂದ ಮೂರು ಪೌಂಡು ಕಳೆದುಕೊಂಡಿರುತ್ತದೆ. ಟ್ಯೂಬಿನ ರಬ್ಬರಿನ ಮೂಲಕ ದಿನದಿನವೂ ಸೋರುವುದು ಬೇರೆ. ಅನೇಕರ ಚಕ್ರದಲ್ಲಿ ಕಡಿಮೆ ಮಾಡಲು ಹೆಚ್ಚಿನ ಗಾಳಿಯೇ ಉಳಿದಿರುವುದಿಲ್ಲ. ಅಂತಹವರು ಮಳೆಗಾಲಕ್ಕೆಂದು ಗಾಳಿ ಹೊಡೆಸಬೇಕಾದೀತು!

ಅತಿ ಕಡಿಮೆಯಾದರೆ ಬರುವ ತೊಂದರೆಗಳು

ಗಾಳಿ ತೀರ ಇಳಿದಾಗ ಚಕ್ರವು ಗುಂಡಿಗೆ ಬಿದ್ದರೆ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ, ಹಾವು ಕಚ್ಚಿದಂತೆ ಎರಡು ತೂತು ಬೀಳುತ್ತವೆ. ಮಳೆಗಾಲದಲ್ಲಿ ಗುಂಡಿಗಳು ನೀರು ತುಂಬಿ ಕಾಣುವುದಿಲ್ಲವಾದ್ದರಿಂದ ಈ ಅಪಾಯ ಇನ್ನೂ ಹೆಚ್ಚು. ಬ್ರೇಕು ಹಿಡಿದಾಗ ಟೈರು ರಿಮ್ಮಿನ ಮೇಲೆ ಜರುಗಿ, ಟ್ಯೂಬು ವಾಲ್‌ನ ಬುಡದಲ್ಲಿ ಹರಿಯುವುದೂ ಉಂಟು. ತಿರುವಿನಲ್ಲಿ ಟೈರಿನ ಮಗ್ಗುಲು ಮಡಿಚಿ ಸೈಕಲ್ಲು ಓಲಾಡುತ್ತದೆ. ಮುಂದಿನ ಚಕ್ರ ಹೀಗಾದರೆ ಸವಾರ ಬೀಳುವುದು ಖಂಡಿತ.

ಹೊರೆಯಿದ್ದಾಗ ಹಿಂದಿನ ಚಕ್ರದ ಗಾಳಿಯನ್ನು ಕಡಿಮೆ ಮಾಡಬಾರದೆಂಬುದಕ್ಕೆ ಇದೇ ಕಾರಣ. 45 ಕೆ.ಜಿ. ತೂಕದ ಯೂರಿಯಾ ಚೀಲವನ್ನು ಕ್ಯಾರಿಯರಿಗೆ ಕಟ್ಟಿ ಸವಾರನೂ ಹತ್ತಿ ಕುಳಿತರೆ ಹಿಂದಿನ ಚಕ್ರದ ಮೇಲೆ ಸುಮಾರು 90 ಕೆ.ಜಿ. ಬೀಳುತ್ತದೆ. ಅಷ್ಟು ಭಾರಕ್ಕೆ ಬೇಕಾಗುವ ಒತ್ತಡವನ್ನು ಸಾಮಾನ್ಯ ಟೈರು ತಾಳಲಾರದು. ಮಳೆಗಾಲದಲ್ಲಿ ಗೊಬ್ಬರದ ಚೀಲವನ್ನು ಸೈಕಲ್ಲಿನ ಮೇಲಿಟ್ಟು ತಳ್ಳಿಕೊಂಡು ಬರಬೇಕೇ ಹೊರತು ಹತ್ತಿ ಬರಬಾರದು.

ಮೋಟಾರ್ ಸೈಕಲ್ ಮತ್ತು ಸ್ಕೂಟರ್ ಇರುವವರಿಗೆ ಒಂದು ಎಚ್ಚರಿಕೆ. ಇಲ್ಲಿ ಹೇಳಿದ ಗಾಳಿ ಇಳಿಸುವ ಕ್ರಮ ಅವುಗಳಿಗೆ ಅನ್ವಯಿಸುವುದಿಲ್ಲ. ಅವುಗಳ ಟೈರಿನ ಅಚ್ಚು ನೀರನ್ನು ಹೊರಹಾಕಬೇಕಾದರೆ ತಯಾರಕರು ಸೂಚಿಸಿದಷ್ಟು ಒತ್ತಡ ಇರಲೇಬೇಕು. ಮೇಲಿನ ಸೂತ್ರದಂತೆ 25 ಪೌಂಡಿನ ಸವೆದ ಟೈರು ಗಂಟೆಗೆ ಸುಮಾರು 83 ಕಿಲೋಮೀಟರ್ ವೇಗದಲ್ಲಿ ನೀರಿನ ಮೇಲೆ ತೇಲಬಲ್ಲದು. ಹೆದ್ದಾರಿಯಲ್ಲಿ ಈ ವೇಗ ಅಪರೂಪವೇನಲ್ಲ. ಸೈಕಲ್ಲಿಗೆ ಸವೆದ ಅಚ್ಚು ಕ್ಷಮ್ಯ. ಮೋಟಾರ್ ಸೈಕಲ್ಲಿಗೆ ಅಲ್ಲ.

ಗದ್ದೆ ಮತ್ತು ತೋಟದ ದಾರಿ

ಹಸಿ ಮಣ್ಣಿನಲ್ಲಿ ಹಿಡಿತಕ್ಕಿಂತ ಹೂತುಹೋಗುವುದು ದೊಡ್ಡ ಸಮಸ್ಯೆ. ಚಕ್ರವು ನೆಲವನ್ನು ಒತ್ತುವ ಒತ್ತಡ ಹೆಚ್ಚುಕಡಿಮೆ ಒಳಗಿನ ಗಾಳಿಯ ಒತ್ತಡದಷ್ಟೇ ಇರುತ್ತದೆ. 40 ಪೌಂಡು ಎಂದರೆ ಪ್ರತಿ ಚದರ ಸೆಂಟಿಮೀಟರಿಗೆ 2.8 ಕಿಲೋಗ್ರಾಂ. 60 ಕೆ.ಜಿ. ತೂಕದ ಮನುಷ್ಯ ಒಂದು ಪಾದದ ಮೇಲೆ ನಿಂತರೆ ನೆಲದ ಮೇಲೆ ಬೀಳುವುದು ಸುಮಾರು 0.4 ಕಿಲೋಗ್ರಾಂ ಮಾತ್ರ. ಅಂದರೆ ಸೈಕಲ್ಲಿನ ಚಕ್ರವು ಪಾದಕ್ಕಿಂತ ಏಳು ಪಟ್ಟು ಹೆಚ್ಚು ಒತ್ತುತ್ತದೆ. ಎಷ್ಟೇ ಗಾಳಿ ಬಿಟ್ಟರೂ ಈ ಅಂತರವನ್ನು ತುಂಬಲಾಗದು.

ಇದರಿಂದ ಒಂದು ಸುಲಭ ಪರೀಕ್ಷೆ ಹೊರಡುತ್ತದೆ. ದಾರಿಯಲ್ಲಿ ಹಿಮ್ಮಡಿಯನ್ನು ಊರಿ ಪೂರ್ತಿ ಭಾರ ಬಿಡಬೇಕು. ಅರ್ಧ ಅಂಗುಲಕ್ಕಿಂತ ಹೆಚ್ಚು ಹೂತರೆ ಅಲ್ಲಿ ಸೈಕಲ್ ಹತ್ತತಕ್ಕದ್ದಲ್ಲ. ಹತ್ತಿದರೆ ಸವಾರನಿಗೆ ಅಪಾಯ ಮಾತ್ರವಲ್ಲ, ದಾರಿಗೂ ಹಾನಿ. ಚಕ್ರ ಮಾಡಿದ ಗೀರಿನಲ್ಲಿ ನೀರು ಹರಿದು ಕಾಲುವೆಯಾಗುತ್ತದೆ. ಗದ್ದೆಯ ಅಂಚಿನ ಮೇಲಾದರೆ ಅಂಚೇ ಒಡೆಯುತ್ತದೆ.

ಇದೇ ತತ್ವ ಪವರ್ ಟಿಲ್ಲರ್ ಮತ್ತು ಟ್ರೇಲರುಗಳಿಗೂ ಅನ್ವಯಿಸುತ್ತದೆ. ಬಿಗಿ ಗಾಳಿಯ ಟ್ರೇಲರು ಭಾರ ಹೊತ್ತು ಹಸಿ ತೋಟದ ಒಳಕ್ಕೆ ಹೋದರೆ ಅಡಿಕೆ ಬೇರುಗಳಿರುವ ಮೇಲ್ಮಣ್ಣು ಅದುಮಿ, ಮಣ್ಣಿನ ಗಾಳಿಗುಳ್ಳೆಗಳು ಮುಚ್ಚುತ್ತವೆ. ನೀರು ಇಂಗದೆ ನಿಂತು ಬೇರು ಉಸಿರು ಕಟ್ಟುತ್ತದೆ. ಈ ಹಾನಿ ಒಂದೆರಡು ವರ್ಷಗಳಲ್ಲಿ ಸರಿಹೋಗುವುದಿಲ್ಲ. ಆದುದರಿಂದ ಮಣ್ಣು, ಗೊಬ್ಬರವನ್ನು ಮಳೆಗೆ ಮುಂಚೆಯೇ ತೋಟಕ್ಕೆ ಸಾಗಿಸುವುದು, ಮಳೆಗಾಲದಲ್ಲಿ ಟ್ರೇಲರನ್ನು ತೋಟದ ಹೊರಗೆ ನಿಲ್ಲಿಸಿ ತಲೆಹೊರೆಯಲ್ಲಿ ಒಯ್ಯುವುದು ಮೇಲು.

ಒತ್ತಡಕ್ಕಿಂತ ಮುಖ್ಯವಾದುದು ವೇಗ

ಸರಿಯಾದ ಗಾಳಿಯಿಂದ ಹಿಡಿತ ಸ್ವಲ್ಪ ಸುಧಾರಿಸುತ್ತದೆ, ಅಷ್ಟೇ. ಹೆಚ್ಚಿನ ರಕ್ಷಣೆ ಸಿಗುವುದು ವೇಗ ಇಳಿಸುವುದರಿಂದ. 8 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ಹೋದರೆ ಚಕ್ರವನ್ನು ಹೊರಕ್ಕೆ ಎಳೆಯುವ ಬಲ ಒಟ್ಟು ಭಾರದ ಸುಮಾರು ಮೂರನೆಯ ಒಂದು ಪಾಲು. ವೇಗವನ್ನು 12 ಕಿಲೋಮೀಟರಿಗೆ ಇಳಿಸಿದರೆ ಅದು ಏಳನೆಯ ಒಂದು ಪಾಲಿಗೆ ಬರುತ್ತದೆ. ಗಾಳಿಯಲ್ಲಿ ಐದು ಪೌಂಡು ಇಳಿಸಿ ಇಷ್ಟು ಲಾಭ ಪಡೆಯಲು ಸಾಧ್ಯವೇ ಇಲ್ಲ.

ಬ್ರೇಕಿನ ವಿಷಯವೂ ಹೀಗೆಯೇ. ಉಕ್ಕಿನ ರಿಮ್ಮು ಒದ್ದೆಯಾದಾಗ ಬ್ರೇಕು ತನ್ನ ಶಕ್ತಿಯ ಬಹುಪಾಲನ್ನು ಕಳೆದುಕೊಳ್ಳುತ್ತದೆ. ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ಒಣ ಬ್ರೇಕು ಸುಮಾರು 3 ಮೀಟರಿನಲ್ಲಿ ನಿಲ್ಲಿಸಿದರೆ, ಒದ್ದೆಯಾದಾಗ 8 ಮೀಟರಿಗೂ ಮೇಲೆ ಬೇಕಾದೀತು. ಇದಲ್ಲದೆ ಅಪಾಯ ಕಂಡು ಬ್ರೇಕು ಹಿಡಿಯುವ ಒಂದು ಸೆಕೆಂಡಿನಲ್ಲಿಯೇ ಸೈಕಲ್ಲು 5 ಮೀಟರ್ ಸಾಗಿರುತ್ತದೆ. ಆದುದರಿಂದ ಇಳಿಜಾರಿಗೆ ಮುಂಚೆಯೇ ಬ್ರೇಕನ್ನು ಹಗುರವಾಗಿ ಹಿಡಿದು ರಿಮ್ಮಿನ ನೀರನ್ನು ಒರೆಸಿಕೊಳ್ಳಬೇಕು. ತಿರುವಿಗೆ ಮೊದಲು, ಸೈಕಲ್ಲು ನೇರವಾಗಿರುವಾಗಲೇ ವೇಗ ಇಳಿಸಬೇಕು. ತಿರುವಿನ ಒಳಗೆ ಮುಂದಿನ ಬ್ರೇಕನ್ನು ಅದುಮಬಾರದು.

ಪಂಚರ್ ಮತ್ತು ಟೈರಿನ ಆರೈಕೆ

ಒದ್ದೆಯಾದ ರಬ್ಬರಿನೊಳಕ್ಕೆ ಮುಳ್ಳು, ಗಾಜು ಸುಲಭವಾಗಿ ನುಸುಳುತ್ತವೆ. ನೀರು ಎಣ್ಣೆಯಂತೆ ಕೆಲಸ ಮಾಡುತ್ತದೆ. ಮಳೆಗಾಲದಲ್ಲಿ ಪಂಚರ್ ಹೆಚ್ಚಾಗಲು ಇದು ಒಂದು ಕಾರಣ. ಸಂಜೆ ಮನೆಗೆ ಬಂದಾಗ ಚಕ್ರವನ್ನು ಒಂದು ಸುತ್ತು ತಿರುಗಿಸಿ, ಅಂಟಿರುವ ಮುಳ್ಳು, ಹರಳುಗಳನ್ನು ಕಿತ್ತುಹಾಕಿದರೆ ಬಹುಪಾಲು ಪಂಚರ್ ತಪ್ಪುತ್ತದೆ. ಮುಳ್ಳು ಒಂದೇ ದಿನದಲ್ಲಿ ಟ್ಯೂಬನ್ನು ತಲುಪುವುದು ಕಡಿಮೆ. ಸುತ್ತು ಸುತ್ತಿಗೂ ಒಳಕ್ಕೆ ಸರಿಯುತ್ತ ಹೋಗುತ್ತದೆ.

ಮಳೆಗಾಲಕ್ಕೆ ಮುಂಚೆ, ಮೇ ತಿಂಗಳ ಕೊನೆಯ ವಾರದಲ್ಲಿ, ಈ ಕೆಲಸಗಳನ್ನು ಮುಗಿಸಿಕೊಳ್ಳಬೇಕು: ಹಳೆಯ ವಾಲ್ ಟ್ಯೂಬನ್ನು ಬದಲಿಸುವುದು, ಮಗ್ಗುಲು ಬಿರಿದ ಅಥವಾ ನೂಲು ಕಾಣುವ ಟೈರನ್ನು ತೆಗೆದುಹಾಕುವುದು, ಗಟ್ಟಿಯಾಗಿ ಹೊಳೆಯುವ ಬ್ರೇಕ್ ರಬ್ಬರನ್ನು ಬದಲಿಸುವುದು, ರಿಮ್ಮಿನ ತುಕ್ಕನ್ನು ಉಜ್ಜಿ ತೆಗೆಯುವುದು, ಮಡ್ಗಾರ್ಡಿಗೂ ಟೈರಿಗೂ ನಡುವೆ ಕೆಸರು ಕಟ್ಟದಷ್ಟು ಜಾಗವಿರುವಂತೆ ಸರಿಪಡಿಸುವುದು. ಪಂಚರ್ ಅಂಗಡಿಯ ಯಂತ್ರದಿಂದ ಗಾಳಿ ತುಂಬಿಸುವಾಗ ಪಕ್ಕದಲ್ಲಿಯೇ ನಿಲ್ಲಬೇಕು. ಸೈಕಲ್ಲಿನ ಟ್ಯೂಬು ಚಿಕ್ಕದಾದ್ದರಿಂದ ಕೆಲವೇ ಸೆಕೆಂಡುಗಳಲ್ಲಿ ಮಿತಿ ಮೀರುತ್ತದೆ.

ನೆನಪಿಡಬೇಕಾದ ಅಂಶಗಳು

1. ಹೊರೆಯಿಲ್ಲದಾಗ ಮಳೆಗಾಲಕ್ಕೆ ಹತ್ತರಲ್ಲಿ ಒಂದು ಪಾಲು ಗಾಳಿ ಕಡಿಮೆ. ಅದಕ್ಕಿಂತ ಹೆಚ್ಚು ಇಳಿಸಬಾರದು.
2. ಹೊರೆಯಿದ್ದಾಗ ಹಿಂದಿನ ಚಕ್ರದ ಗಾಳಿ ಇಳಿಸಬಾರದು.
3. ಮಕ್ಕಳ ಸೈಕಲ್ಲಿಗೆ ಮಕ್ಕಳ ತೂಕಕ್ಕೆ ತಕ್ಕ ಗಾಳಿ.
4. ಅಡಿಕೋಲಿನಿಂದ ಅಳೆದೇ ನಿರ್ಧರಿಸಬೇಕು, ಹೆಬ್ಬೆರಳನ್ನು ನಂಬಬಾರದು.
5. ಹಿಮ್ಮಡಿ ಹೂತಲ್ಲಿ ಸೈಕಲ್ ಹತ್ತಬಾರದು.
6. ಹಾವಸೆ, ಹಾಳೆ, ಕಬ್ಬಿಣದ ಸರಳುಗಳ ಮೇಲೆ ಗಾಳಿಯನ್ನು ನೆಚ್ಚಬಾರದು. ನಿಧಾನವಾಗಿ ನೇರವಾಗಿ ದಾಟಬೇಕು ಇಲ್ಲವೆ ಇಳಿಯಬೇಕು.
7. ಮೋಟಾರ್ ಸೈಕಲ್ಲಿಗೆ ತಯಾರಕರು ಹೇಳಿದಷ್ಟೇ ಗಾಳಿ.

ಇವುಗಳಿಗೆ ತಗಲುವ ಖರ್ಚು ಒಂದು ವಾಲ್ ಟ್ಯೂಬು, ಒಂದು ಜೊತೆ ಬ್ರೇಕ್ ರಬ್ಬರು, ಅರ್ಧ ಗಂಟೆಯ ಸಮಯ. ರೈತ ಬಾಂಧವರು ಮೃಗಶಿರಾ ಮಳೆಗೆ ಮುಂಚೆ ಒಂದು ಸಂಜೆಯನ್ನು ಇದಕ್ಕಾಗಿ ಮೀಸಲಿಟ್ಟು, ಮೊದಲು ಮನೆಯ ಮಕ್ಕಳ ಸೈಕಲ್ಲನ್ನು, ಅನಂತರ ತಮ್ಮದನ್ನು ಪರೀಕ್ಷಿಸಿಕೊಳ್ಳುವುದು ಒಳಿತು.